ದಾರಿ ತೋರಿದವರು: ಆನೆಮಲೆಯ ಗುಂಪುನಡಿಗೆಗಳ ಚರಿತ್ರೆಯ ಒಂದು ಓದು

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ಜಿಲ್ಲೆಯ ಉತ್ತರದ ಅಂಚಿನಲ್ಲಿ ಮಾದಪ್ಪನ ಎಪ್ಪತ್ತೇಳು ಮಲೆಗಳಿದ್ದರೆ ದಕ್ಷಿಣದ ಅಂಚಿನಲ್ಲಿ ಆನೆಮಲೆಯಿತ್ತು. ಒಂದೇ ಕಲೆಕ್ಟರ ಕಚೇರಿಗೆ ಸೇರಿದ್ದ ಈ ಎರಡು ಮಲೆಸೀಮೆಗಳನ್ನು ಕನ್ನಡದ ಅಧ್ಯಯನಗಳು ಒಟ್ಟಿಗೆ ನೋಡಿದ್ದು ಕಡಿಮೆ. ಮಾದಪ್ಪನ ಮಲೆ ಜನಪದ ಕಾವ್ಯದ ಮೂಲಕ ಕನ್ನಡದ ಮನಸ್ಸಿನಲ್ಲಿ ನೆಲೆಯೂರಿತು. ಆನೆಮಲೆ ತಮಿಳುನಾಡಿನ ಅರಣ್ಯ ಇಲಾಖೆಯ ಕಡತಗಳಿಗೂ ಇಂಗ್ಲಿಷ್ ಸಸ್ಯಶಾಸ್ತ್ರದ ಗ್ರಂಥಗಳಿಗೂ ಸೇರಿಹೋಯಿತು. ಹೆಸರು ಮಾತ್ರ ಕನ್ನಡಿಗರಿಗೆ ಅನುವಾದ ಬೇಡದಷ್ಟು ಹತ್ತಿರ ಉಳಿದಿದೆ.

ಇಂದು ಈ ಬೆಟ್ಟಗಳ ಒಂದು ಭಾಗ ರಾಷ್ಟ್ರೀಯ ಉದ್ಯಾನ. ಅದನ್ನು ಒಳಗೊಂಡ ಆನೆಮಲೆ ಹುಲಿ ಸಂರಕ್ಷಿತ ಪ್ರದೇಶ ಕೊಯಮತ್ತೂರು ಹಾಗೂ ತಿರುಪ್ಪೂರು ಜಿಲ್ಲೆಗಳಲ್ಲಿ ಹರಡಿದೆ. ಹಣ ಕಟ್ಟಿ, ಹೆಸರು ನೋಂದಾಯಿಸಿ, ಮಾರ್ಗದರ್ಶಿಯ ಹಿಂದೆ ಸಾಲಾಗಿ ಬೆಟ್ಟ ನಡೆಯುವ ಪದ್ಧತಿ ಇಲ್ಲಿ ಈಗ ಸರ್ಕಾರದ ಅಧಿಕೃತ ಯೋಜನೆಯಾಗಿದೆ. ಇದನ್ನು ಪ್ರವಾಸೋದ್ಯಮದ ಹೊಸ ಬೆಳವಣಿಗೆಯೆಂದು ನೋಡುವುದು ರೂಢಿ. ಆದರೆ ಗುಂಪಾಗಿ, ಬಲ್ಲವರೊಬ್ಬರ ಬೆನ್ನ ಹಿಂದೆ ಈ ಬೆಟ್ಟಗಳನ್ನು ಹತ್ತುವುದಕ್ಕೆ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಹತ್ತಿದವರ ಹೆಸರುಗಳು ದಾಖಲಾದಷ್ಟು ಹತ್ತಿಸಿದವರ ಹೆಸರುಗಳು ದಾಖಲಾಗಲಿಲ್ಲ. ಅವರು ಆಡಿದ ಭಾಷೆಯಂತೂ ದಾಖಲಾಗಲೇ ಇಲ್ಲವೆನ್ನಬೇಕು.

ಮೊದಲ ಗುಂಪುನಡಿಗೆಗಳು ಹರಕೆಯವು. ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿಯ ಏಳು ಬೆಟ್ಟಗಳನ್ನು ಶಿವಭಕ್ತರು ಬೇಸಗೆಯ ತಿಂಗಳುಗಳಲ್ಲಿ ಕೈಯಲ್ಲಿ ಬಿದಿರ ಕೋಲು ಹಿಡಿದು ಹತ್ತುತ್ತಾರೆ. ತೈಪೂಸಕ್ಕೆ ಪಳನಿಗೆ ಹೊರಟ ಕಾವಡಿಯವರ ಸಾಲುಗಳು ಪೊಳ್ಳಾಚಿ, ಉಡುಮಲೆಪೇಟೆಗಳ ರಸ್ತೆಯಂಚಿನಲ್ಲಿ ಇಂದಿಗೂ ಕಾಣುತ್ತವೆ. ಮಾದಪ್ಪನ ಬೆಟ್ಟಕ್ಕೆ ಕಂಸಾಳೆಯವರೊಡನೆ ನಡೆಯುವ ಪರಿಷೆಯೂ ಇದೇ ಬಗೆಯದು. ಈ ಮೂರರಲ್ಲಿಯೂ ಮುಂದೆ ನಡೆಯುವವನು ಹಿಂದೆ ಹಲವು ಸಲ ನಡೆದವನು; ಅವನ ಅಧಿಕಾರ ದಾರಿಯ ಅನುಭವದಿಂದ ಬಂದದ್ದು. ಅವನಿಗೆ ಸಂಬಳವಿಲ್ಲ, ಹಿಂದೆ ಬರುವವರಿಗೂ ಅವನಿಗೂ ಭಾಷೆ ಒಂದೇ. ದಾರಿ ತೋರುವವನೂ ದಾರಿ ಕೇಳುವವನೂ ಬೇರೆ ಬೇರೆ ಭಾಷೆಯವರಾದದ್ದು ಮರ ಕಡಿಯುವ ಕಾಲ ಬಂದಮೇಲೆ.

1799ರಲ್ಲಿ ಟಿಪ್ಪುವಿನ ಪತನದೊಂದಿಗೆ ಕೊಂಗುನಾಡು ಮೈಸೂರಿನಿಂದ ಕಂಪನಿಯ ಕೈಗೆ ಹೋಯಿತು. ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಹಾದುಹೋದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಪೊಳ್ಳಾಚಿ, ಆನೆಮಲೆ ಊರುಗಳ ವಿವರಗಳಿವೆ. ಅವನು ಬೆಟ್ಟದ ಬುಡದಲ್ಲಿ ನಿಂತು ಕೇಳಿ ಬರೆದುಕೊಂಡವನು. ಬೆಟ್ಟದ ಮೇಲೆ ಕಂಪನಿಯ ಕಾಲು ಗಟ್ಟಿಯಾಗಿ ಊರಿದ್ದು 1840ರ ದಶಕದ ಕೊನೆಯಲ್ಲಿ, ಲೆಫ್ಟಿನೆಂಟ್ ಜೇಮ್ಸ್ ಮೈಕೆಲ್ ಆನೆಮಲೆಯ ಸರ್ಕಾರಿ ಕಾಡುಗಳ ಹೊಣೆ ಹೊತ್ತಾಗ. ಬೊಂಬಾಯಿಯ ಹಡಗುಕಟ್ಟೆಗೆ ತೇಗ ಬೇಕಾಗಿತ್ತು. ಸ್ವಲ್ಪ ಕಾಲದಲ್ಲಿಯೇ ರೈಲುಹಾದಿಗೂ ಬೇಕಾಯಿತು. ಕಡಿದ ದಿಮ್ಮಿಗಳನ್ನು ಬೆಟ್ಟದ ನೆತ್ತಿಯಿಂದ ಕೆಳಕ್ಕೆ ಜಾರಿಸಿಬಿಡುತ್ತಿದ್ದ ಜಾಗಕ್ಕೆ ಟಾಪ್ ಸ್ಲಿಪ್ ಎಂಬ ಹೆಸರು ನಿಂತಿತು. ಇಂದು ಚಾರಣಕ್ಕೆ ಬರುವವರು ಸೇತುಮಡೈ ತನಿಖಾ ಠಾಣೆಯನ್ನು ದಾಟಿ ಹೋಗಿ ಸೇರುವ ಊರು ಅದೇ. ಉದ್ಯಾನದ ಹೆಬ್ಬಾಗಿಲಿಗೆ ಇಂಗ್ಲಿಷಿನ ಮರಸಾಗಣೆಯ ಪರಿಭಾಷೆಯ ಹೆಸರಿರುವುದು ಆಕಸ್ಮಿಕವೇನಲ್ಲ.

1858ರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ತನ್ನ ಸಂಗಡಿಗರೊಡನೆ ಆನೆಮಲೆಯ ಎತ್ತರದ ಸಾಲುಗಳಿಗೆ ಹತ್ತಿದ. ಮದ್ರಾಸ್ ಪ್ರಾಂತ್ಯಕ್ಕೆ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಅವನು ನೇಮಕಗೊಂಡು ಆಗ ಎರಡು ವರ್ಷವಾಗಿತ್ತು. ಈ ನಡಿಗೆಯ ವರದಿ 1861ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯ ನಡಾವಳಿಗಳಲ್ಲಿ ಪ್ರಕಟವಾಯಿತು. ಉದ್ದೇಶವನ್ನು ಮೊದಲೇ ನಿಗದಿಮಾಡಿಕೊಂಡು, ಸಾಮಾನು ಹೊರಿಸಿಕೊಂಡು, ಬೆಟ್ಟದ ಜನರನ್ನು ಮುಂದಿಟ್ಟುಕೊಂಡು ಹೊರಟ ಈ ತಂಡವನ್ನು ಆನೆಮಲೆಯ ಮಾರ್ಗದರ್ಶಿತ ಗುಂಪುಚಾರಣದ ಆರಂಭದ ದಾಖಲೆಯೆಂದು ಓದಲು ಅಡ್ಡಿಯಿಲ್ಲ.

ಕನ್ನಡದ ಓದುಗರಿಗೆ ಕ್ಲೆಗ್‌ಹಾರ್ನ್ ಅಪರಿಚಿತನಾಗಿರಬೇಕಿಲ್ಲ. 1820ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಈ ಸ್ಕಾಟಿಷ್ ವೈದ್ಯ 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಕೆಲಸ ಮಾಡಿದ. ಸ್ಥಳೀಯ ಚಿತ್ರಕಾರನೊಬ್ಬನಿಂದ ಗಿಡಗಳ ಚಿತ್ರ ಬರೆಯಿಸುವ ಅಭ್ಯಾಸವನ್ನು ಅವನು ಆರಂಭಿಸಿದ್ದು ಅಲ್ಲಿಯೇ. ಮಲೆನಾಡಿನಲ್ಲಿ ಕಾಡು ಸುಟ್ಟು ರಾಗಿ ಬಿತ್ತುವುದನ್ನು ಕಂಡು ಅದರ ಕಟು ವಿರೋಧಿಯಾದದ್ದೂ ಆ ವರ್ಷಗಳಲ್ಲಿ. ಈ ಬೇಸಾಯಕ್ಕೆ ಪಶ್ಚಿಮ ಘಟ್ಟದ ಕನ್ನಡದಲ್ಲಿದ್ದ ‘ಕುಮರಿ’ ಎಂಬ ಮಾತು ಅವನ ವರದಿಗಳಲ್ಲಿಯೂ ಮದ್ರಾಸ್ ಸರ್ಕಾರದ ಆದೇಶಗಳಲ್ಲಿಯೂ ಇಂಗ್ಲಿಷ್ ಅರಣ್ಯಶಾಸ್ತ್ರದ ಪಾರಿಭಾಷಿಕ ಪದವಾಗಿ ಬಳಕೆಗೆ ಬಂತು. 1860ರಲ್ಲಿ ಕುಮರಿ ನಿಷೇಧಕ್ಕೊಳಗಾಯಿತು. ಕನ್ನಡದಿಂದ ವಸಾಹತು ಆಡಳಿತದ ಭಾಷೆಗೆ ಹೋಗಿ ನೆಲೆಸಿದ ಪದಗಳ ಪಟ್ಟಿ ದೊಡ್ಡದಲ್ಲ. ಆ ಕಿರುಪಟ್ಟಿಯ ಒಂದು ಪದ ಆರೋಪಪಟ್ಟಿಯ ಪದವಾಗಿ ದಾಖಲಾಯಿತೆಂಬುದನ್ನು ನಮ್ಮ ಭಾಷಾಚರಿತ್ರೆಗಳು ಇನ್ನಷ್ಟು ಗಂಭೀರವಾಗಿ ಗಮನಿಸಬೇಕಿತ್ತು.

ಆನೆಮಲೆಯಲ್ಲಿ ಕ್ಲೆಗ್‌ಹಾರ್ನನ ಪೀಳಿಗೆಯವರು ಎದುರಾದದ್ದು ಬೇರೊಂದು ಬಗೆಯ ಕಾಡಿನ ಜನಕ್ಕೆ. ಕಾಡರು ಉತ್ತು ಬಿತ್ತುವವರಲ್ಲ. ಗೆಡ್ಡೆಗೆಣಸು, ಜೇನು, ಬೇಟೆಗಳ ಮೇಲೆ ಬದುಕಿದವರು. ಹೆಸರೇ ಅವರ ಗುರುತು: ‘ಕಾಡು’ ಎಂಬ ಮಾತಿಗೆ ಬಹುವಚನದ ಪ್ರತ್ಯಯ ಹತ್ತಿದರೆ ಅವರ ಕುಲದ ಹೆಸರಾಗುತ್ತದೆ. ಅವರ ಜೊತೆಗೆ ಮಲಸರು, ಮಲೆ ಮಲಸರು, ಪುಲಯರು, ಮುದುವರು, ಎರವಾಳರು. ಇವರಲ್ಲಿ ಮಲಸರು ಆನೆ ಪಳಗಿಸುವುದರಲ್ಲಿ ಹೆಸರಾದವರು. ಕೋಳಿಕಮುತ್ತಿಯ ಆನೆ ಶಿಬಿರದ ಮಾವುತರಲ್ಲಿ ಇಂದಿಗೂ ಅವರೇ ಹೆಚ್ಚು.

19ನೆಯ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಕಾಡರ ಕುರಿತು ಮರಳಿ ಮರಳಿ ಬರುವ ಒಂದು ವಿವರವಿದೆ. ಅವರು ಪ್ರಯಾಣಿಕನ ಬಂದೂಕನ್ನೋ ಗಂಟನ್ನೋ ಹೊರುವುದುಂಟು, ಆದರೆ ಉಪಕಾರವೆಂದು ಹೊರುತ್ತಾರೆ. ಕೂಲಿಗಳೆಂದು ಕರೆದರೆ ಆಳವಾಗಿ ನೊಂದುಕೊಳ್ಳುತ್ತಾರೆ. ಬರೆದವರು ಇದನ್ನು ಒಂದು ವಿಚಿತ್ರ ಸ್ವಭಾವವೆಂಬಂತೆ, ಕೊಂಚ ಮೆಚ್ಚುಗೆಯಿಂದ, ಕೊಂಚ ತಮಾಷೆಯಿಂದ ದಾಖಲಿಸಿದರು. ಮೂಗಿನ ಅಗಲ, ಹಲ್ಲು ಕೊರೆದು ಮೊನಚಾಗಿಸುವ ಪದ್ಧತಿ ಇವುಗಳ ಸಾಲಿನಲ್ಲೇ ಇದೂ ಬಂತು. ಶತಮಾನದ ಕೊನೆಗೆ ಎಡ್ಗರ್ ಥರ್ಸ್ಟನ್ ಅಳತೆಯ ಉಪಕರಣಗಳೊಡನೆ ಬಂದು ಹೋದಮೇಲೆ ಕಾಡರು ಮಾನವಶಾಸ್ತ್ರದ ಸಂಗ್ರಹಾಲಯಕ್ಕೂ ಸೇರಿದರು.

ಆದರೆ ಆ ಒಂದು ವಿವರವನ್ನು ಸ್ವಭಾವದ ಟಿಪ್ಪಣಿಯೆಂದು ಬಿಟ್ಟು, ರಾಜಕೀಯ ಹೇಳಿಕೆಯೆಂದು ಓದಬೇಕಾಗುತ್ತದೆ. ‘ಕೂಲಿ’ ಎಂಬ ಪದ ತಮಿಳು ಕನ್ನಡಗಳೆರಡರಲ್ಲಿಯೂ ಮೊದಲಿಗೆ ದುಡಿಮೆಯ ಪ್ರತಿಫಲವನ್ನು ಹೇಳುತ್ತಿತ್ತು. ಇಂಗ್ಲಿಷ್ ಆಡಳಿತದ ಬಾಯಲ್ಲಿ ಅದು ಪ್ರತಿಫಲವನ್ನು ಬಿಟ್ಟು ಮನುಷ್ಯನನ್ನೇ ಹೇಳತೊಡಗಿತು. ಕಾಡನು ನಿರಾಕರಿಸಿದ್ದು ಹೊರೆಯನ್ನಲ್ಲ, ಈ ಅರ್ಥವ್ಯತ್ಯಾಸವನ್ನು. ಬೆಟ್ಟ ತನ್ನದು, ಬಂದವನು ನೆಂಟ, ನೆಂಟನ ಗಂಟು ಹೊರುವುದು ಮನೆಯವನ ದಾಕ್ಷಿಣ್ಯ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಬಂದವನಾದರೋ ತಾನು ಮಾಲೀಕನೆಂದೇ ನಂಬಿದ್ದ. ಒಂದೇ ಕಾಲುದಾರಿಯಲ್ಲಿ ಹಿಂದೆ ಮುಂದೆ ನಡೆದ ಇಬ್ಬರು ಆ ನಡಿಗೆಯನ್ನು ಎರಡು ಬೇರೆ ಸಂಬಂಧಗಳಾಗಿ ಅರ್ಥಮಾಡಿಕೊಂಡಿದ್ದರು. ಅಚ್ಚಿನಲ್ಲಿ ಉಳಿದದ್ದು ಒಬ್ಬನ ಅರ್ಥ.

ಮುಂದಿನ ಅರ್ಧ ಶತಮಾನದ ನಡಿಗೆಗಳು ಹೆಸರಿಡುವ ನಡಿಗೆಗಳು. ಕ್ಲೆಗ್‌ಹಾರ್ನನ ಸಹಾಯಕನಾಗಿದ್ದು ಮುಂದೆ ಅವನ ಸ್ಥಾನಕ್ಕೆ ಬಂದ ಆರ್. ಎಚ್. ಬೆಡ್ಡೋಮ್ 1863ರಲ್ಲಿ ದಕ್ಷಿಣ ಭಾರತದ ಜರೀಗಿಡಗಳ ಗ್ರಂಥವನ್ನು ಪ್ರಕಟಿಸಿದ. ಘಟ್ಟದ ಅನೇಕ ಸಸ್ಯ, ಹಾವು, ಕಪ್ಪೆಗಳ ಲ್ಯಾಟಿನ್ ಹೆಸರಿನ ಕೊನೆಗೆ ಅವನ ಹೆಸರು ಅಂಟಿಕೊಂಡಿದೆ. 1912ರಲ್ಲಿ ಕೊಯಮತ್ತೂರಿನಲ್ಲಿ ಅರಣ್ಯ ಕಾಲೇಜು ತೆರೆಯಿತು. ಸಿ. ಇ. ಸಿ. ಫಿಷರ್ ಆನೆಮಲೆಯ ಸಸ್ಯಸಂಪತ್ತಿನ ಸಮೀಕ್ಷೆಯನ್ನು 1921ರಲ್ಲಿ ಹೊರತಂದ. ಈ ಕೃತಿಗಳ ವೈಜ್ಞಾನಿಕ ಮೌಲ್ಯ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಆದರೆ ಯಾವ ಮರ ಯಾವ ಕಣಿವೆಯಲ್ಲಿ ಯಾವ ತಿಂಗಳು ಹೂಬಿಡುತ್ತದೆಂಬುದನ್ನು ಸಸ್ಯಶಾಸ್ತ್ರಜ್ಞನಿಗಿಂತ ಮೊದಲು ಬಲ್ಲವರಿದ್ದರು. ಅವನನ್ನು ಆ ಮರದ ಬುಡಕ್ಕೆ ನಿಲ್ಲಿಸಿದವರು ಅವರೇ.

ಹ್ಯೂಗೋ ವುಡ್ ಎಂಬ ಅರಣ್ಯಾಧಿಕಾರಿಯ ಕಥೆ ಟಾಪ್ ಸ್ಲಿಪ್‌ಗೆ ಹೋದವರಿಗೆಲ್ಲ ಕೇಳಿಬರುತ್ತದೆ. ಕಡಿದು ಬರಿದಾಗಿದ್ದ ಬೆಟ್ಟದಲ್ಲಿ ತೇಗವನ್ನು ಮತ್ತೆ ಎಬ್ಬಿಸಿದವನೆಂದು ಅವನ ಖ್ಯಾತಿ. ದಿನವೂ ನಡೆಯುವಾಗ ಊರುಗೋಲಿನ ತುದಿಯಿಂದ ನೆಲದಲ್ಲಿ ಗುಳಿ ತೋಡಿ ಜೇಬಿನ ಬೀಜವನ್ನು ಹಾಕುತ್ತಿದ್ದನೆಂಬುದು ಐತಿಹ್ಯ. 1933ರಲ್ಲಿ ತೀರಿಕೊಂಡ ಅವನ ಸಮಾಧಿ ಮೌಂಟ್ ಸ್ಟುವರ್ಟಿನಲ್ಲಿ ತೇಗದ ಮರಗಳ ನಡುವೆಯೇ ಇದೆ. ತನ್ನನ್ನು ನೋಡಬೇಕೆಂದವರು ಸುತ್ತ ನೋಡಲಿ ಎಂಬರ್ಥದ ಬರಹ ಅದರ ಮೇಲಿದೆ. ಐತಿಹ್ಯ ಸುಂದರವಾಗಿದೆ. ಒಬ್ಬನ ಊರುಗೋಲಿನಿಂದ ಒಂದು ಕಾಡು ಏಳುವುದಿಲ್ಲವೆಂಬುದೂ ಅಷ್ಟೇ ನಿಜ. ನೆಡುತೋಪಿಗೆ ದುಡಿಮೆ ಬೇಕು. ಆ ದುಡಿಮೆಗಾಗಿ ಬೆಟ್ಟದ ಜನ ಇಲಾಖೆಯ ಕೆಲಸದ ಸುತ್ತ ನೆಲೆ ನಿಂತರು. ಉಪಕಾರವೆಂದು ಗಂಟು ಹೊರುತ್ತಿದ್ದವರ ಮೊಮ್ಮಕ್ಕಳು ಹೀಗೆ ದಿನಗೂಲಿಯ ಪಟ್ಟಿಗೆ ಬಂದರು. ಇದೇ ಅವಧಿಯಲ್ಲಿ ಮೇಲಿನ ವಾಲ್ಪಾರೈ ಪ್ರಸ್ಥಭೂಮಿ ಕಾಡಿನಿಂದ ಚಹಾ ತೋಟವಾಗಿ ಬದಲಾಗಿತ್ತು.

ಸ್ವಾತಂತ್ರ್ಯಾನಂತರದ ಆಡಳಿತದ ಹೆಜ್ಜೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1976ರಲ್ಲಿ ಆನೆಮಲೆ ವನ್ಯಜೀವಿ ಧಾಮವಾಯಿತು. ಮುಂದೆ ಅದಕ್ಕೆ ಇಂದಿರಾ ಗಾಂಧಿಯವರ ಹೆಸರಾಯಿತು. 1989ರಲ್ಲಿ ಕರಿಯನ್ ಶೋಲೆ, ಹುಲ್ಲುಬೆಟ್ಟ, ಮಂಜಂಪಟ್ಟಿ ಕಣಿವೆಗಳು ಸೇರಿ 117 ಚದರ ಕಿಲೋಮೀಟರ್ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 2007–08ರ ಸುಮಾರಿಗೆ ಹುಲಿ ಸಂರಕ್ಷಿತ ಪ್ರದೇಶದ ಘೋಷಣೆ. 2009ರಲ್ಲಿ ತಿರುಪ್ಪೂರು ಜಿಲ್ಲೆ ರೂಪುಗೊಂಡಾಗ ಉಡುಮಲೆಪೇಟೆ, ಅಮರಾವತಿ ಕಡೆಯ ಕಾಡು ಆ ಜಿಲ್ಲೆಗೆ ಬಂತು. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟು ದೇಶದ ಹುಲಿಧಾಮಗಳ ಒಳವಲಯದಲ್ಲಿ ಪ್ರವಾಸೋದ್ಯಮವನ್ನು ತಡೆಹಿಡಿದು, ಅಕ್ಟೋಬರಿನಲ್ಲಿ ಮಾರ್ಗಸೂಚಿಗಳೊಡನೆ ಆ ತಡೆಯನ್ನು ತೆರವುಗೊಳಿಸಿತು. ಇವೆಲ್ಲದರ ನಡುವೆ 2006ರ ಅರಣ್ಯ ಹಕ್ಕುಗಳ ಕಾಯ್ದೆಯೂ ಬಂತು. ಒಂದು ಕಾಯ್ದೆ ಈ ಬೆಟ್ಟವನ್ನು ಹುಲಿಯ ನೆಲೆಯೆಂದಿತು, ಇನ್ನೊಂದು ಕಾಡರ ನೆಲೆಯೆಂದಿತು. ಎರಡೂ ಸಂಸತ್ತಿನ ಕಾಯ್ದೆಗಳೇ.

ಗುಂಪುಚಾರಣದ ಈಗಿನ ರೂಪಕ್ಕೆ ಕಾರಣ ಒಂದು ದುರಂತ. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಕುರಂಗಣಿಯ ಬೆಟ್ಟದಲ್ಲಿ ಕಾಳ್ಗಿಚ್ಚು ಎರಡು ಚಾರಣದ ಗುಂಪುಗಳನ್ನು ಸುತ್ತುವರಿಯಿತು. ಒಂದು ಚೆನ್ನೈಯಿಂದ ಬಂದದ್ದು, ಇನ್ನೊಂದು ಈರೋಡು–ತಿರುಪ್ಪೂರು ಕಡೆಯದು. 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬಹುತೇಕರು ವಯಸ್ಸಿನಲ್ಲಿ ಕಿರಿಯರು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಏರುಮುಖವಾಗಿ ಓಡುತ್ತದೆ, ಮನುಷ್ಯನ ಓಟಕ್ಕಿಂತ ವೇಗವಾಗಿ. ಗಾಳಿಯ ದಿಕ್ಕು ನೋಡಿ, ಬರಿಯ ಬಂಡೆಯ ಕಡೆಗೋ ಈಗಾಗಲೇ ಸುಟ್ಟ ನೆಲದ ಕಡೆಗೋ ಸರಿಯಬೇಕೆಂಬುದು ಮಲೆಯಲ್ಲಿ ಬೆಳೆದವರಿಗೆ ಗೊತ್ತಿರುವ ಸಂಗತಿ. ಫೆಬ್ರುವರಿ ಕಳೆದಮೇಲೆ ಹುಲ್ಲುಬೆಟ್ಟಕ್ಕೆ ಹೊರಗಿನವರನ್ನು ಕರೆದೊಯ್ಯಬಾರದೆಂಬುದೂ ಅಂಥದೇ ತಿಳಿವು. ಅದೇ ವರ್ಷ ತಮಿಳುನಾಡು ಸರ್ಕಾರ ಚಾರಣವನ್ನು ನಿಯಂತ್ರಿಸುವ ನಿಯಮಗಳನ್ನು ಹೊರಡಿಸಿತು. ಬೆಂಕಿಯ ಕಾಲದಲ್ಲಿ ದಾರಿಗಳನ್ನು ಮುಚ್ಚುವುದು ಈಗ ಕಚೇರಿಯ ಆದೇಶ.

2024ರ ಅಕ್ಟೋಬರಿನಲ್ಲಿ ‘ಟ್ರೆಕ್ ತಮಿಳುನಾಡು’ ಎಂಬ ಯೋಜನೆ ಆರಂಭವಾಯಿತು. 14 ಜಿಲ್ಲೆಗಳಲ್ಲಿ 40 ದಾರಿಗಳನ್ನು ಗುರುತಿಸಿ, ಸುಲಭ, ಮಧ್ಯಮ, ಕಠಿಣವೆಂದು ವಿಂಗಡಿಸಿ, ಮುಂಗಡ ನೋಂದಣಿಗೆ ತೆರೆಯಲಾಯಿತು. ಕೊಯಮತ್ತೂರು ಜಿಲ್ಲೆಯ ಟಾಪ್ ಸ್ಲಿಪ್–ಪಂಡಾರವರೈ ಮತ್ತು ಆಳಿಯಾರು ಕಾಲುವೆ ಏರಿಯ ದಾರಿಗಳು, ತಿರುಪ್ಪೂರು ಜಿಲ್ಲೆಯ ಚಿನ್ನಾರು ತನಿಖಾ ಠಾಣೆಯಿಂದ ಕೂಟ್ಟಾರಿಗೆ ಹೋಗುವ ದಾರಿ ಇವುಗಳಲ್ಲಿ ಸೇರಿವೆ. ಕೂಟ್ಟಾರು ಎಂದರೆ ಹೆಸರೇ ಹೇಳುವಂತೆ ಹೊಳೆಗಳು ಕೂಡುವೆಡೆ. ಆ ನೀರು ಅಮರಾವತಿಯ ಮೂಲಕ ಕಡೆಗೆ ಕಾವೇರಿಯನ್ನೇ ಸೇರುತ್ತದೆ. ಸ್ಥಳೀಯ ಬುಡಕಟ್ಟಿನ ಯುವಜನರಿಗೆ ತರಬೇತಿ ಕೊಟ್ಟು ಮಾರ್ಗದರ್ಶಿಗಳನ್ನಾಗಿ ಮಾಡುವುದು ಯೋಜನೆಯ ಘೋಷಿತ ಭಾಗ. ಸಮವಸ್ತ್ರ, ಗೌರವಧನ, ‘ಗೈಡ್’ ಎಂಬ ಪದವಿ ಇವು ಸಣ್ಣ ಸಂಗತಿಗಳಲ್ಲ. ಕೂಲಿಯೆಂದು ಕರೆಯಿಸಿಕೊಳ್ಳಲೊಪ್ಪದ ಜನಕ್ಕೆ ಒಂದೂವರೆ ಶತಮಾನದ ನಂತರ ಬೇರೊಂದು ಹೆಸರು ಸಿಕ್ಕಿತು.

ಆದರೂ ತರಬೇತಿ ಎಂಬ ಮಾತಿನ ಬಗೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಯಾರು ಯಾರಿಗೆ ಏನನ್ನು ಕಲಿಸುತ್ತಾರೆ? ಪ್ರಥಮ ಚಿಕಿತ್ಸೆ, ಸುರಕ್ಷತೆಯ ಕ್ರಮ, ಹಕ್ಕಿಗಳ ಇಂಗ್ಲಿಷ್ ಹೆಸರು ಕಲಿಸಬೇಕಾದವೇ. ಆದರೆ ಬೆಟ್ಟ ಬಲ್ಲವನ ತಿಳಿವು ಅವನದೇ ಭಾಷೆಯ ಹೆಸರುಗಳಲ್ಲಿ ಕೂಡಿಟ್ಟಿರುತ್ತದೆ. ಗುಂಪಿನವರಿಗೆ ತಮಿಳಿನಲ್ಲಿಯೋ ಮುರುಕು ಇಂಗ್ಲಿಷಿನಲ್ಲಿಯೋ ವಿವರಿಸುವಾಗ ಆ ಹೆಸರುಗಳು ಬದಿಗೆ ಸರಿಯುತ್ತವೆ. ದಿನವೂ ಹೇಳದ ಹೆಸರು ಮಗನಿಗೆ ದಾಟುವುದಿಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಮೊದಲು ಎತ್ತಿದ್ದು ಒಂದು ಕಾದಂಬರಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಒಂದರ್ಥದಲ್ಲಿ ಗುಂಪುಚಾರಣದ ಕಥೆಯೇ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟ ತಂಡದಲ್ಲಿ ವಿಜ್ಞಾನಿಯಿದ್ದಾನೆ, ಓದು ಬಲ್ಲ ನಿರೂಪಕನಿದ್ದಾನೆ. ಆದರೆ ಆ ಜೀವಿಯನ್ನು ಕಂಡವನು ಮಂದಣ್ಣ. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ಕರ್ವಾಲೊ ಹುಟ್ಟು ಜೀವವಿಜ್ಞಾನಿಯನ್ನು ಗುರುತಿಸುತ್ತಾರೆ. 1858ರ ವರದಿಯ ಪಕ್ಕದಲ್ಲಿ ಈ ಕೃತಿಯನ್ನಿಟ್ಟು ಓದಿದರೆ ಆ ವರದಿಯಲ್ಲಿ ಬಿಟ್ಟುಹೋದ ಪಾತ್ರ ಯಾವುದೆಂಬುದು ಸ್ಪಷ್ಟವಾಗುತ್ತದೆ. ಮಂದಣ್ಣನ ಮಾತು ತೇಜಸ್ವಿಯವರಿಗೆ ದಕ್ಕಿದ್ದು ಇಬ್ಬರೂ ಕನ್ನಡದವರಾದ್ದರಿಂದ ಎಂಬುದನ್ನೂ ಮರೆಯಬಾರದು. ಕಾಡನೊಬ್ಬನಿಗೆ ಅಂಥ ನಿರೂಪಕ ಅವನದೇ ಭಾಷೆಯಲ್ಲಿ ಇನ್ನೂ ಬರಬೇಕಾಗಿದೆ.

ಕರ್ನಾಟಕದ ಇತ್ತೀಚಿನ ನಡೆಯೂ ತಮಿಳುನಾಡಿನದನ್ನೇ ಹೋಲುತ್ತದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಕಿಕ್ಕಿರಿದ ಚಿತ್ರಗಳು ಹರಡಿದ ಮೇಲೆ ಅರಣ್ಯ ಇಲಾಖೆ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ, ದಿನದ ಸಂಖ್ಯೆಗೆ ಮಿತಿ ಹಾಕಿತು. ಮಿತಿ ಬೇಕಾದದ್ದೇ. ಆದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನಿಂದ ಮಲೆಕುಡಿಯ ಕುಟುಂಬಗಳನ್ನು ಹೊರಗೆ ನೆಲೆಗೊಳಿಸುವ ಪ್ರಯತ್ನಗಳೂ, ಅದೇ ಉದ್ಯಾನದೊಳಕ್ಕೆ ವಾರಾಂತ್ಯದ ಗುಂಪುಗಳಿಗೆ ಚೀಟಿ ಕೊಡುವುದೂ ಒಂದೇ ಇಲಾಖೆಯ ಕೆಲಸಗಳಾಗಿರುವುದನ್ನು ನೋಡಿದರೆ ಆನೆಮಲೆಯ ಪ್ರಶ್ನೆ ಗಡಿಯಾಚೆಯದೆಂದು ಹೇಳಲಾಗದು. ಪದಗಳಲ್ಲಿಯೂ ಒಂದು ವ್ಯತ್ಯಾಸವುಂಟು. ತಮಿಳು ಈ ಹವ್ಯಾಸಕ್ಕೆ ‘ಮಲೆಯೇರಿಕೆ’ ಎಂಬರ್ಥದ ತನ್ನದೇ ಮಾತನ್ನು ಬಳಸಿತು. ಕನ್ನಡ ಪತ್ರಿಕೆಗಳು ಸಂಸ್ಕೃತದ ‘ಚಾರಣ’ವನ್ನು ಎತ್ತಿಕೊಂಡವು. ಮಲೆನಾಡಿನವನಿಗೆ ದಿನದ ನಡಿಗೆಯಾದದ್ದು ಪೇಟೆಯವನಿಗೆ ಚಾರಣವಾಯಿತು. ಪದ ಬೇರೆಯಾದ ಕ್ಷಣದಲ್ಲಿಯೇ ನಡೆಯುವವರೂ ಎರಡು ಬಗೆಯವರಾದರು.

ಭಾಷಾ ಅಲ್ಪಸಂಖ್ಯಾತರ ಅಧ್ಯಯನದಲ್ಲಿ ತೊಡಗಿದವರಿಗೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳೆಂದರೆ ಮೊದಲು ನೆನಪಾಗುವವರು ಮನೆಯಲ್ಲಿ ಕನ್ನಡ ಉಳಿಸಿಕೊಂಡ ದೇವಾಂಗ ನೇಕಾರರು, ಒಕ್ಕಲಿಗರು, ಅನುಪ್ಪರು, ಲಿಂಗಾಯತರು. ಅವರಲ್ಲಿ ಹೆಚ್ಚಿನವರು ಕನ್ನಡವನ್ನು ಆಡುತ್ತಾರೆ, ತಮಿಳಿನಲ್ಲಿ ಬರೆಯುತ್ತಾರೆ. ಈ ಸ್ಥಿತಿಯ ಕುರಿತು ಚರ್ಚೆ ನಡೆದಿದೆ, ನಡೆಯಬೇಕು. ಆದರೆ ಅವರ ಮನೆಮಾತಿಗೆ ಗಡಿಯಾಚೆ ಒಂದು ರಾಜ್ಯವಿದೆ, ವಿಶ್ವವಿದ್ಯಾಲಯಗಳಿವೆ, ನಿಘಂಟುಗಳಿವೆ. ಅದೇ ಜಿಲ್ಲೆಯ ಬೆಟ್ಟದ ಮೇಲಿನ ಮಾತುಗಳಿಗೆ ಯಾವ ಕಡೆಯ ಗಡಿಯಾಚೆಯೂ ಅಂಥದೇನೂ ಇಲ್ಲ. ಭಾರತದ ಜನಗಣತಿ 10,000ಕ್ಕಿಂತ ಕಡಿಮೆ ಜನ ಆಡುವ ಮಾತೃಭಾಷೆಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವುದಿಲ್ಲ. ಅವು ‘ಇತರೆ’ ಎಂಬ ಸಾಲಿಗೆ ಹೋಗುತ್ತವೆ. ಒಟ್ಟು ಜನಸಂಖ್ಯೆಯೇ ಕೆಲವು ಸಾವಿರವಾದ ಕಾಡರ ಮಾತು ಅಂಕಿಗಳಲ್ಲಿ ಕಾಣಿಸಿಕೊಳ್ಳುವುದೇ ಅಸಾಧ್ಯ. ಅದನ್ನು ತಮಿಳಿನ ಇಲ್ಲವೇ ಮಲೆಯಾಳದ ಉಪಭಾಷೆಯೆಂದು ಬದಿಗಿಡುವ ಪ್ರವೃತ್ತಿಯೂ ಇದೆ. ಬಡಗದ ವಿಷಯದಲ್ಲಿ ಇದೇ ಬಗೆಯ ಸಲುಗೆಯನ್ನು ಕನ್ನಡ ವಿದ್ವಾಂಸರೂ ತೋರಿದ್ದುಂಟು. ಒಂದು ಕಡೆ ಅಲ್ಪಸಂಖ್ಯಾತವಾದ ಭಾಷೆ ಇನ್ನೊಂದು ಕಡೆ ದೊಡ್ಡಣ್ಣನಾಗುವುದು ಹೊಸದೇನಲ್ಲ.

ಹಳ್ಳಿಗೆ ಮಲಸರು, ಎರವಾಳರು ‘ಪತಿ’ ಎನ್ನುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ‘ಪೋಡು’, ಜೇನುಕುರುಬರದು ‘ಹಾಡಿ’. ಈ ಮೂರು ಮಾತುಗಳನ್ನು ಜೊತೆಗಿಟ್ಟು ನೋಡುವ ಕೆಲಸಕ್ಕೆ ಭಾಷಾವಿಜ್ಞಾನಿಗಳಷ್ಟೇ ಅಲ್ಲ, ಆ ಕಾಲುದಾರಿಗಳಲ್ಲಿ ವರ್ಷವಿಡೀ ಗುಂಪು ನಡೆಸುವ ಮಾರ್ಗದರ್ಶಿಗಳೂ ಬೇಕಾಗುತ್ತಾರೆ. ಪಂಡಾರವರೈ ದಾರಿಯಲ್ಲಿ ಎಷ್ಟು ಬಂಡೆಗಳಿಗೆ, ಎಷ್ಟು ತಿರುವುಗಳಿಗೆ, ಎಷ್ಟು ನೀರೊರತೆಗಳಿಗೆ ಹೆಸರಿವೆಯೆಂದು ಅವರನ್ನು ಕೇಳಿ ಬರೆದುಕೊಂಡರೆ ಅದೊಂದು ಕಿರುನಿಘಂಟೇ ಆದೀತು. ಚಾರಣದ ನೋಂದಣಿಯಲ್ಲಿ ನಡೆಯುವವರ ಹೆಸರು, ವಯಸ್ಸು, ದೂರವಾಣಿ ದಾಖಲಾಗುವ ಶ್ರದ್ಧೆಯಲ್ಲಿ ನೂರರಲ್ಲೊಂದು ಪಾಲು ಇದಕ್ಕೆ ಸಾಕು.

ವಾಲ್ಪಾರೈ ಬಳಿಯ ಕಲ್ಲಾರಿನ ಕಾಡರ ನೆಲೆ 2019ರ ಆಗಸ್ಟ್ ಮಳೆಯಲ್ಲಿ ಭೂಕುಸಿತಕ್ಕೆ ಸಿಕ್ಕಿತು. ಮನೆ ಕಳೆದುಕೊಂಡವರು ಕಾಡಿನೊಳಗೇ, ತಮಗೆ ತಿಳಿದ ತೆಪ್ಪಕುಳಮೇಡಿನಲ್ಲಿ ಜಾಗ ಕೇಳಿದರು. ಸಂರಕ್ಷಿತ ಪ್ರದೇಶವೆಂಬ ಕಾರಣಕ್ಕೆ ಅದು ಸುಲಭವಾಗಿ ಸಿಗಲಿಲ್ಲ. ಅವರಿಗೆ ಕೊಟ್ಟದ್ದು ಚಹಾ ತೋಟವೊಂದರಲ್ಲಿ ಕೂಲಿಯವರಿಗೆಂದು ಕಟ್ಟಿದ ಹಳೆಯ ಸಾಲುಮನೆಗಳು. ಅಲ್ಲಿ ಉಳಿಯಲು ಅವರು ಒಪ್ಪಲಿಲ್ಲ. ಅರಣ್ಯ ಹಕ್ಕುಗಳ ಕಾಯ್ದೆಯನ್ನು ಮುಂದಿಟ್ಟು, ಉಪವಾಸ ಕುಳಿತು, ಎರಡು ವರ್ಷ ಪಟ್ಟುಹಿಡಿದು 2021ರಲ್ಲಿ ತೆಪ್ಪಕುಳಮೇಡಿನ ನೆಲಕ್ಕೆ ಪಟ್ಟಾ ಪಡೆದರು.